ಮೊದಲು ಹಣ ಹಾಕಿದವರು

ಸುಂಡ್‌ಬೀಬರ್ಯ್
೬ ಅಕ್ಟೋಬರ್ ೨೦೨೪

ಅಂಕಲ್‌ಗೆ ಮಧು ಮಾಡುವ ನಮಸ್ಕಾರಗಳು.

ಈ ತಿಂಗಳ ಪತ್ರ ತಡವಾಯಿತು, ಬೈಯಬೇಡಿ. ಊರಿನ ಹೂಡಿಕೆದಾರರೆಲ್ಲ ಎಕ್ಸೆಲ್ ಶೀಟ್ ಕೇಳುತ್ತಾರೆ. ನನ್ನ ಪಾಲಿಗೆ ಬಂದ ನೀವು ಮಾತ್ರ ತಿಂಗಳಿಗೊಂದು ಕಾಗದ, ಅದೂ ಕೈಬರಹದಲ್ಲಿ, ಕನ್ನಡದಲ್ಲಿ ಎಂದು ಷರತ್ತು ಹಾಕಿ ಮೊದಲ ಹಣ ಕೊಟ್ಟಿರಿ. "ಇದೇನು ಇನ್ವೆಸ್ಟ್‌ಮೆಂಟಾ, ಹೋಮ್‌ವರ್ಕಾ?" ಎಂದು ಅವಿನಾಶ್ ಈಗಲೂ ನಗುತ್ತಾನೆ.

ಮೊದಲು ಒಳ್ಳೆಯ ಸುದ್ದಿ. ನಮ್ಮ 'ಪಸೆ' ಕಂಪನಿಯ, ತೇವ ಕಂಡರೆ ಎಚ್ಚರಿಸುವ ಬಿಲ್ಲೆಗಳನ್ನು ಇಲ್ಲಿನ ಒಂದು ಹಳೆಯ ಕಟ್ಟಡದ ಬಚ್ಚಲುಮನೆಗಳ ನೆಲದಡಿ ಹಾಕಿದ್ದೆವಲ್ಲ, ಅದರಲ್ಲಿ ಒಂದು ಕಳೆದ ವಾರ ಕೂಗಿಕೊಂಡಿತು. ಮೂರನೇ ಮಹಡಿಯಲ್ಲಿ ನೆಲದ ಕೆಳಗೆ ತೇವ ಸೇರುತ್ತಿದೆ ಎಂದಿತು. ಮನೆಯವರು ಸಾಧ್ಯವೇ ಇಲ್ಲ ಎಂದರು. ಪ್ಲಂಬರ್ ಟೈಲ್ಸ್ ಒಡೆದು ನೋಡಿದರೆ ಒಳಗಿನ ಮರ ಕಪ್ಪಗಾಗಿ ಕೊಳೆಯಲು ಶುರುವಾಗಿತ್ತು. ಇನ್ನೊಂದು ಚಳಿಗಾಲ ಬಿಟ್ಟಿದ್ದರೆ ಕೆಳಗಿನ ಮನೆಯ ಚಾವಣಿಯೂ ಹೋಗುತ್ತಿತ್ತು. ಕಟ್ಟಡದ ಸಂಘದ ಅಧ್ಯಕ್ಷೆ ಗುನಿಲ್ಲಾ ನನ್ನನ್ನು ಫೀಕಾಕ್ಕೆ ಕೂರಿಸಿ, ಕಾಫಿ ಬನ್ನು ಕೊಟ್ಟು, "ಕೆಟ್ಟದ್ದೇನಲ್ಲ" ಎಂದರು. ಸ್ವೀಡನ್ನಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ನೀವೇ ಹೇಳಿದ್ದಿರಿ. ನಾನು ಮನೆವರೆಗೂ ಹಾರಿಕೊಂಡೇ ಬಂದೆ.

ಈಗ ಇನ್ನೊಂದು ವಿಷಯ. ಕೈಯಲ್ಲಿರುವ ಹಣ ಫೆಬ್ರವರಿಯವರೆಗೆ ಬಂದೀತು. ಮೇ ಕೊನೆಗೆ ಇಲ್ಲಿ ನೆಲೆಸುವ ನನ್ನ ಪರವಾನಗಿ ಮುಗಿಯುತ್ತದೆ. ನನ್ನ ಕಂಪನಿ ನನ್ನನ್ನು ಸಾಕುತ್ತಿದೆ ಎಂದು ತೋರಿಸಿದರೆ ಮಾತ್ರ ಮುಂದುವರಿಸುತ್ತಾರೆ. ಗಂಡ ಮಗಳು, ಅವಿನಾಶನೂ ಅನ್ಯಾಳೂ, ಇಬ್ಬರೂ ಇಲ್ಲಿರುವುದು ನನ್ನ ಪರವಾನಗಿಯ ಮೇಲೆ. ಅವನ ದಾಗಿಸ್ ಕೆಲಸ, ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸುವುದು, ಅವನಿಗೆ ಇಷ್ಟ, ಆದರೆ ಅದು ಖಾಯಂ ಅಲ್ಲ. ಒಟ್ಟಿನಲ್ಲಿ ನವೆಂಬರಿನಲ್ಲಿ ನಿಮ್ಮ ಹೂಡಿಕೆದಾರರ ಕೂಟ ಹೂಂ ಎಂದರೆ ನಾವು ಇಲ್ಲಿ, ಇಲ್ಲದಿದ್ದರೆ ಗಂಟುಮೂಟೆ.

ಹೆದರಿಸುತ್ತಿಲ್ಲ, ಲೆಕ್ಕ ಒಪ್ಪಿಸುತ್ತಿದ್ದೇನೆ. ರಮಾ ಆಂಟಿಗೆ ಹೇಳಿ, ದೀಪಾವಳಿಗೆ ಖಂಡಿತ ಬರುತ್ತೇವೆ.

ನಿಮ್ಮ ಹೋಮ್‌ವರ್ಕಿನ ಹುಡುಗಿ,
ಮಧುಶ್ರೀ

*

ಸೊಲ್ಲೆಂಟುನಾ
೧೯ ಅಕ್ಟೋಬರ್ ೨೦೨೪

ಚಿ. ಸೌ. ಮಧುಶ್ರೀಗೆ ರಾಜಶೇಖರನ ಆಶೀರ್ವಾದಗಳು.

ನಿನ್ನ ಪತ್ರವನ್ನು ರಮಾಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊಳೆತ ಮರದ ಕಥೆಯನ್ನು ಆಕೆ ಎರಡು ಸಲ ಕೇಳಿ, ತಕ್ಷಣ ನಮ್ಮ ಬಚ್ಚಲಿಗೆ ಹೋಗಿ ಮೂಲೆಮೂಲೆ ಮುಟ್ಟಿ ನೋಡಿ ಬಂದಳು. ನಿನಗೆ ಇನ್ನೊಬ್ಬ ಗಿರಾಕಿ ಸಿಕ್ಕಂತಾಯಿತು.

ಕೂಟದ ಬಗ್ಗೆ ಎರಡು ಮಾತು. ನಾವು ಹತ್ತು ಹನ್ನೆರಡು ಜನ. ಎಲ್ಲರೂ ಎಲ್ಲೋ ದುಡಿದು ಅಷ್ಟಿಷ್ಟು ಉಳಿಸಿದವರು. ಹುಟ್ಟುವ ಕಂಪನಿಗಳಿಗೆ ಸೇರಿ ಹಣ ಹಾಕುತ್ತೇವೆ. ಸಭೆಗೆ ಬಂದಾಗ ಗಟ್ಟಿಯಾಗಿ ಮಾತಾಡಬೇಡ, ದೊಡ್ಡ ದೊಡ್ಡ ಕನಸು ಹೇಳಬೇಡ. ಕೊಳೆತ ಮರದ ಫೋಟೋ ತೋರಿಸಿ ಸುಮ್ಮನೆ ನಿಂತುಬಿಡು. ಇಲ್ಲಿನವರಿಗೆ ಮೌನ ಅರ್ಥವಾಗುತ್ತದೆ.

ಇನ್ನೊಂದು. ಅಲ್ಲಿ ನನ್ನನ್ನು ಅಂಕಲ್ ಎನ್ನಬೇಡ. ಬೇಸರ ಮಾಡಿಕೊಳ್ಳಬೇಡ, ಕಾರಣ ಇದೆ. ಎರಡು ವರ್ಷದ ಹಿಂದೆ ಆದರ್ಶ ಎಂಬ ನಮ್ಮ ಕಡೆಯ ಹುಡುಗನನ್ನು ನಾನೇ ಕೂಟಕ್ಕೆ ಕರೆತಂದಿದ್ದೆ. ಅವನ ಕಂಪನಿ ಮುಚ್ಚಿಹೋಯಿತು. ಹತ್ತು ಕಂಪನಿಗಳಲ್ಲಿ ಏಳು ಮುಚ್ಚುವುದು ಈ ವ್ಯವಹಾರದಲ್ಲಿ ಮಾಮೂಲು, ಯಾರೂ ಏನೂ ಅನ್ನಲಿಲ್ಲ. ಆದರೆ ಮೊನ್ನೆ ಫೀಕಾ ಹೊತ್ತಿನಲ್ಲಿ ನಿನ್ನ ಹೆಸರು ಬಂದಾಗ ಕೂಟದ ಪೇರ್-ಊಲೋಫ್ ನಗುತ್ತ, "ಇದು ನಿಮ್ಮ ಇನ್ನೊಬ್ಬ ಕಸಿನ್ನಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳ್ಳೆಯ ಮನುಷ್ಯ, ತಮಾಷೆಗೆಂದ. ಆದರೂ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಅದಕ್ಕೇ ಹೇಳಿದ್ದು. ಎಲ್ಲ ಚೊಕ್ಕವಾಗಿ ನಡೆಯಬೇಕು. ದೀಪಾವಳಿಯ ದಿನ ಬೇಕಾದರೆ ಸಾವಿರ ಸಲ ಅಂಕಲ್ ಅನ್ನು.

ಶುಭ ಹಾರೈಸುವ,
ರಾಜಶೇಖರ

*

ಸೊಲ್ಲೆಂಟುನಾ
೧೫ ನವೆಂಬರ್ ೨೦೨೪

ಮಧುಶ್ರೀಗೆ ಆಶೀರ್ವಾದಗಳು.

ಬುಧವಾರ ನೀನು ಬಹಳ ಚೆನ್ನಾಗಿ ಮಾತಾಡಿದೆ. ಹೊಗಳಿಕೆಗೆ ಹೇಳುತ್ತಿಲ್ಲ. ಫೋಟೋ ತೋರಿಸಿ ನೀನು ಸುಮ್ಮನೆ ನಿಂತಾಗ ಪೇರ್-ಊಲೋಫ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. ಅವನು ಹಾಗೆ ಮಾಡುವುದು ಮನಸ್ಸಿಗೆ ಹಿಡಿಸಿದಾಗ ಮಾತ್ರ.

ನಾನು ಮಧ್ಯದಲ್ಲಿ ಎದ್ದು ಹೋದದ್ದು ನಿನಗೆ ಗಾಬರಿಯಾಯಿತೇನೋ. ಇಲ್ಲಿ ಯೇವ್ ಎಂಬ ಒಂದು ಪದ್ಧತಿ ಇದೆ. ತನಗೆ ಬೇಕಾದವರ ವಿಷಯ ಬಂದಾಗ ಮನುಷ್ಯ ತಾನೇ ಹೇಳಿ ಪಕ್ಕಕ್ಕೆ ಸರಿಯುತ್ತಾನೆ, ತೀರ್ಮಾನದಲ್ಲಿ ಕೈಹಾಕುವುದಿಲ್ಲ. ಪುರಸಭೆ ಕಚೇರಿಯಿಂದ ಹಿಡಿದು ಶಾಲೆಯ ಪೋಷಕರ ಸಭೆಯವರೆಗೆ ಎಲ್ಲ ಕಡೆ ಇದೆ. ಈ ದೇಶದಲ್ಲಿ ನನಗೆ ಬಹಳ ಹಿಡಿಸಿದ ಪದ್ಧತಿ ಅದು. ಹಾಗಾಗಿ ಪ್ರಶ್ನೆಗಳು ಶುರುವಾಗಿ ಸ್ವಲ್ಪ ಹೊತ್ತಿಗೆ, "ಈಕೆ ನಮ್ಮ ಮನೆಗೆ ಬಂದು ಹೋಗುವವಳು, ನನಗೆ ಯೇವ್ ಇದೆ" ಎಂದು ಹೇಳಿ ಹೊರಗೆ ಹೋದೆ. ಗಾಜಿನ ಬಾಗಿಲಿನಾಚೆ ನಿಂತು ನಿನ್ನ ಬೆನ್ನು ನೋಡುತ್ತಿದ್ದೆ.

ಇದು ನಿನಗೇ ಒಳ್ಳೆಯದು. ನಾಳೆ ಹಣ ಬಂದಾಗ, ಶಿಫಾರಸಿನಿಂದ ಬಂತು ಎಂದು ಯಾರೂ ಬಾಯಿ ತೆಗೆಯುವ ಹಾಗಿಲ್ಲ. ನಿನ್ನ ಸ್ವಂತ ಶಕ್ತಿಯಿಂದ ಬಂದ ಹಣವಾಗುತ್ತದೆ.

ರಮಾ ಮಾತ್ರ ವಿಷಯ ಕೇಳಿ, "ಹೊರಗೆ ಯಾಕ್ರೀ ಹೋದ್ರಿ, ಅಲ್ಲೇ ಕೂತ್ಕೊಂಡ್ರೆ ಕುರ್ಚಿ ಕಚ್ತಿತ್ತಾ?" ಎಂದಳು. ಅವಳಿಗೆ ಇಲ್ಲಿನ ರೀತಿನೀತಿ ಇನ್ನೂ ತಿಳಿಯುವುದಿಲ್ಲ.

ರಾಜಶೇಖರ

*

ಸುಂಡ್‌ಬೀಬರ್ಯ್
೨ ಡಿಸೆಂಬರ್ ೨೦೨೪

ಅಂಕಲ್,

ನಿಮಗೆ ಗೊತ್ತಾಗಿರುತ್ತದೆ. ಕೂಟದಿಂದ ನಾಲ್ಕು ಸಾಲಿನ ಮೇಲ್ ಬಂತು. ತುಂಬಾ ಆಸಕ್ತಿಕರ, ಸದ್ಯಕ್ಕೆ ಬೇಡ, ಶುಭವಾಗಲಿ.

ನನಗೆ ಅರ್ಥವಾಗದ್ದು ಒಂದೇ. ಮೊದಲು ಪ್ರಶ್ನೆಗಳು ಪುಂಖಾನುಪುಂಖವಾಗಿ ಬರುತ್ತಿದ್ದವು. ಬ್ಯಾಟರಿ ಎಷ್ಟು ವರ್ಷ, ವಿಮೆಯವರು ಏನಂದರು, ಎಲ್ಲ. ನೀವು ಎದ್ದು ಹೋದ ಮೇಲೆ ಒಬ್ಬರೂ ಏನೂ ಕೇಳಲಿಲ್ಲ. ಒಬ್ಬಾಕೆ ಲ್ಯಾಪ್‌ಟಾಪ್ ಮುಚ್ಚಿದರು. ಪೇರ್-ಊಲೋಫ್ ನನಗೆ ಕೋಟು ತಂದುಕೊಟ್ಟರು. ಸಾವಿನ ಮನೆಯಲ್ಲಿ ಮಾತಾಡಿಸುವ ಹಾಗೆ ಮೆತ್ತಗೆ ಮಾತಾಡಿಸಿದರು.

ಸುಮ್ಮನೆ ಕೂರಲಿಲ್ಲ. ಬೇರೆ ಇಬ್ಬರು ಹೂಡಿಕೆದಾರರನ್ನು ಹಿಡಿದೆ. ಇಬ್ಬರೂ ಬಿಲ್ಲೆಯನ್ನು ನೋಡುವ ಮೊದಲೇ ಕೇಳಿದ್ದು ಒಂದೇ ಮಾತು, "ನಿಮಗೆ ಮೊದಲು ಹಣ ಹಾಕಿದವರು ಈ ಸಲ ಹಾಕ್ತಿದಾರಾ?" ನಾನು ಏನು ಹೇಳಲಿ? ಹಾಕುತ್ತಿದ್ದಾರೆ ಎಂದರೆ ಸುಳ್ಳು. ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು. ನಮ್ಮವರಾದ್ದರಿಂದ ದೂರ ಸರಿದರು ಎಂದು ವಿವರಿಸಹೋದರೆ ಇನ್ನೂ ಅನುಮಾನ.

ಕೂಟದವರು ಯಾಕೆ ಬೇಡ ಎಂದರು ಎಂದು ದಯವಿಟ್ಟು ಕೇಳಿ ತಿಳಿಸುತ್ತೀರಾ? ಬಿಲ್ಲೆಯಲ್ಲಿ ದೋಷವಿದ್ದರೆ ಸರಿಮಾಡುತ್ತೇನೆ. ನನ್ನಲ್ಲಿ ದೋಷವಿದ್ದರೆ ಅದನ್ನೂ ಹೇಳಿ.

ಮಧು

*

ಸೊಲ್ಲೆಂಟುನಾ
೨೦ ಡಿಸೆಂಬರ್ ೨೦೨೪

ಮಧುಶ್ರೀಗೆ,

ಉತ್ತರ ತಡವಾಯಿತು. ಸ್ವಲ್ಪ ನೆಗಡಿ.

ನಮ್ಮ ಕೂಟದ ಕಾರ್ಯದರ್ಶಿ ಲೀನಾಳನ್ನು ಕೇಳಿದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಕಡೆಯ ಹುಡುಗಿ, ನಿನಗೂ ಪರಿಚಯ. ವಿಶೇಷವೇನಿಲ್ಲ. ಮಾರುಕಟ್ಟೆ ತಣ್ಣಗಿದೆ, ಬಡ್ಡಿ ದರ, ಎಲ್ಲರೂ ಕೈ ಬಿಗಿ ಹಿಡಿದಿದ್ದಾರೆ. ನಿನ್ನಲ್ಲಾಗಲಿ ಬಿಲ್ಲೆಯಲ್ಲಾಗಲಿ ದೋಷವಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಒಂದು ಯೋಚನೆ ಬಂದಿದೆ. ಸಂಕ್ರಾಂತಿಗೆ ಮೂವರೂ ಊಟಕ್ಕೆ ಬನ್ನಿ. ರಮಾ ಮತ್ತು ನಾನು ಸ್ವಲ್ಪ ಹಣ ತೆಗೆದಿಟ್ಟಿದ್ದೇವೆ. ಕಂಪನಿಗೆ ಹಾಕಿಕೋ, ಮನೆಗೆ ಖರ್ಚು ಮಾಡು, ನಿನ್ನಿಷ್ಟ. ಪಾಲು ಗೀಲು ಏನೂ ಬೇಡ, ಕಾಗದಪತ್ರ ಬೇಡ. ಕೂಟದ ಕಿವಿಗೆ ಬೀಳದಿದ್ದರೆ ಒಳ್ಳೆಯದು. ಅಂದು ಹೊರಗೆ ಹೋದವನು ಇಂದು ಹಣ ಹಾಕಿದ ಎಂದರೆ ವಿಚಿತ್ರವಾಗಿ ಕಾಣುತ್ತದೆ.

ಅನ್ಯಾಗೆ ರಮಾ ಟೋಪಿ ಹೆಣೆಯುತ್ತಿದ್ದಾಳೆ.

ರಾಜಶೇಖರ

*

ಸುಂಡ್‌ಬೀಬರ್ಯ್
೧೨ ಜನವರಿ ೨೦೨೫

ಅಂಕಲ್,

ಅಂಕಲ್ ಎಂದೇ ಬರೆಯುತ್ತಿದ್ದೇನೆ, ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ಸಂಕ್ರಾಂತಿಗೆ ಬರುವುದಿಲ್ಲ. ಟೋಪಿಯನ್ನು ಆಂಟಿ ಅಂಚೆಯಲ್ಲಿ ಕಳಿಸಿದ್ದರು, ಅನ್ಯಾ ಅದನ್ನು ಮನೆಯೊಳಗೂ ತೆಗೆಯುತ್ತಿಲ್ಲ.

ನಿನ್ನೆ ಪೆಂಡೆಲ್ ರೈಲಿನಲ್ಲಿ ಲೀನಾ ಸಿಕ್ಕಿದ್ದಳು. ನಾನು ಮಾರುಕಟ್ಟೆ, ಬಡ್ಡಿ ದರ ಎಂದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಇಂಗ್ಲಿಷು, ಸ್ವೀಡಿಷು, ಕನ್ನಡ ಸೇರಿಸಿ ಹೇಳಿದಳು: "ಅಕ್ಕಾ, ನಾನು ಅಂಕಲ್‌ಗೆ ಅವ್ರು ಕೇಳಿದಾಗ್ಲೇ ಹೇಳಿದ್ನಲ್ಲ? ನಿಮ್ಮನ್ನ ಬೆಸ್ಟ್ ಗೊತ್ತಿರೋರು ಅವ್ರು, ಫಸ್ಟ್ ದುಡ್ಡು ಹಾಕಿರೋರು. ಅವ್ರೇ ಎದ್ದು ಹೋದ್ರಲ್ಲ. ಏನೋ ಕಂಡಿರ್ಬೇಕು, ಅವ್ರ ಕಡೆಯೋರು ಅಂತ ಬಾಯಿಬಿಟ್ಟು ಹೇಳ್ತಿಲ್ಲ ಅಂತ ಎಲ್ಲಾ ಅನ್ಕೊಂಡ್ರು."

ಅಂದರೆ ನಿಮಗೆ ಡಿಸೆಂಬರಿನಲ್ಲೇ ಗೊತ್ತಿತ್ತು. ಗೊತ್ತಿದ್ದೂ ಬಡ್ಡಿ ದರ ಎಂದು ಬರೆದಿರಿ. ಕೂಟಕ್ಕೆ ಒಂದು ಫೋನ್ ಮಾಡಿ ತಪ್ಪು ತಿಳಿದಿದ್ದೀರಿ ಎನ್ನಬಹುದಿತ್ತು. ಮಾಡಲಿಲ್ಲ.

ಹಣ ಬೇಡ. ಕೊಬ್ಬಿನಿಂದ ಹೇಳುತ್ತಿಲ್ಲ. ಬಾಡಿಗೆ ಕಟ್ಟುವ ದಿನ ಬಂದರೆ ನಾನೂ ಬ್ಯಾಂಕಿನ ಲೆಕ್ಕವನ್ನು ಮೂರು ಸಲ ನೋಡುತ್ತೇನೆ. ನೀವು ಆ ಕೋಣೆಯಲ್ಲಿ ಎಲ್ಲರೆದುರು ನಾನೂ ಹಾಕುತ್ತೇನೆ ಎಂದಿದ್ದರೆ ಅದರ ಹಿಂದೆ ಹತ್ತು ಜನರ ಹಣ ಬರುತ್ತಿತ್ತು. ಅಲ್ಲಿ ಹೊರಗೆ ತೆಗೆಯದ ಹಣವನ್ನು ನಿಮ್ಮ ಅಡುಗೆಮನೆಯಲ್ಲಿ ಎಳ್ಳುಬೆಲ್ಲದ ಜೊತೆ ನಾನು ತೆಗೆದುಕೊಳ್ಳಲಾರೆ.

ಒಂದೇ ಪ್ರಶ್ನೆ ಇದೆ. ನಾನು ನಿಮ್ಮ ಕಡೆಯವಳಾಗಿರದಿದ್ದರೆ, ನಿಮಗೆ ಗುರುತೇ ಇಲ್ಲದ ಯಾರೋ ಆಗಿದ್ದರೆ, ಅವತ್ತು ನೀವು ಹಣ ಹಾಕುತ್ತಿದ್ದಿರಾ? ಹೌದು ಅಥವಾ ಇಲ್ಲ. ಅಷ್ಟು ಬರೆದರೆ ಸಾಕು.

ಮಧುಶ್ರೀ

*

ಸೊಲ್ಲೆಂಟುನಾ
೨೩ ಫೆಬ್ರವರಿ ೨೦೨೫

ಮಧುಶ್ರೀಗೆ,

ನೀನು ಫೋನ್ ಎತ್ತುತ್ತಿಲ್ಲ. ಎತ್ತಬೇಕೆಂದೂ ನಾನು ಹೇಳಲಾರೆ. ನಾಲ್ಕು ಪತ್ರ ಬರೆದು ಹರಿದು ಇದನ್ನು ಬರೆಯುತ್ತಿದ್ದೇನೆ.

ಲೀನಾ ಹೇಳಿದ್ದು ನಿಜ. ಡಿಸೆಂಬರಿನಲ್ಲಿ ನಿನಗೆ ಬರೆದದ್ದು ಸುಳ್ಳು. ನನಗೆ ನೆಗಡಿಯೂ ಇರಲಿಲ್ಲ.

ಫೆಬ್ರವರಿಯ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಆ ಹುಡುಗಿಯಲ್ಲಿ ಯಾವ ದೋಷವೂ ಇಲ್ಲ, ನನ್ನ ನಡತೆಯನ್ನು ನೀವು ತಪ್ಪಾಗಿ ಅರ್ಥ ಮಾಡಿಕೊಂಡಿರಿ ಎಂದೆ. ಪೇರ್-ಊಲೋಫ್, "ಯೇವ್ ಎಂದರೆ ಮತ ಹಾಕಬಾರದು ಅಂತ ಅಷ್ಟೇ. ನಾನು ಇವರಲ್ಲಿ ಹಣ ಹಾಕಿದ್ದೇನೆ, ಇವರನ್ನು ನಂಬುತ್ತೇನೆ, ಆದರೆ ಮತ ಹಾಕುವುದಿಲ್ಲ ಎನ್ನಬಹುದಿತ್ತಲ್ಲ. ಹೊರಗೆ ಹೋಗಿ ಎಂದು ನಿಮಗೆ ಯಾರು ಹೇಳಿದರು?" ಎಂದ. ತನ್ನ ಕಸಿನ್ ತಮಾಷೆ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ನಾನು ಅದನ್ನು ಎತ್ತಲೂ ಇಲ್ಲ.

ಈ ವರ್ಷದ ಹಣ ಬೇರೆ ಎರಡು ಕಂಪನಿಗಳಿಗೆ ಹೋಗಿಯಾಗಿದೆ. ಶರತ್ಕಾಲದಲ್ಲಿ ನೋಡೋಣ ಎಂದರು. ನಿನಗೆ ಶರತ್ಕಾಲ ಇಲ್ಲ ಎಂದು ಹೇಳಿದೆ.

ಮನೆಯಲ್ಲಿ ರಮಾ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾಳೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಯಾರಿಗಾದರೂ ಹೇಳಿ ನಿನಗೊಂದು ಕೆಲಸ ಕೊಡಿಸಲು ನೋಡಲೇ? ಹೆಲ್ಸಿಂಗ್‌ಬೋರ್ಯ್‌ನಲ್ಲಿ ಗೋಪೀನಾಥ ಎಂಬ ನನ್ನ ಹಳೆಯ ಸಹೋದ್ಯೋಗಿ ಇದ್ದಾನೆ.

ರಾಜಶೇಖರ

*

ಸುಂಡ್‌ಬೀಬರ್ಯ್
೨೩ ಮಾರ್ಚ್ ೨೦೨೫

ಅಂಕಲ್,

ಗೋಪೀನಾಥ ಅವರು ತಾವಾಗಿಯೇ ಫೋನ್ ಮಾಡಿದ್ದರು, ಒಳ್ಳೆಯವರು. ಹೆಲ್ಸಿಂಗ್‌ಬೋರ್ಯ್‌ಗೆ ಹೋಗಿ ಸಂದರ್ಶನ ಕೊಟ್ಟು ಬಂದೆ. ಕೆಲಸ ಇನ್ನೊಬ್ಬರಿಗೆ ಹೋಯಿತು. ಅವರಿಗೆ ನನ್ನ ಧನ್ಯವಾದ ತಿಳಿಸಿ.

ಕಂಪನಿ ಮುಚ್ಚುವ ಅರ್ಜಿ ಹಾಕಿದೆ. ಬಿಲ್ಲೆಗಳನ್ನು ವಾಪಸು ತೆಗೆಯಲು ಹೋದರೆ ಗುನಿಲ್ಲಾ ಬಿಡಲಿಲ್ಲ, ಕೆಟ್ಟುಹೋಗುವವರೆಗೆ ಇರಲಿ ಎಂದರು. ಅವು ಕೂಗಿದರೆ ಕೇಳಿಸಿಕೊಳ್ಳಲು ನಾನಿರುವುದಿಲ್ಲವಲ್ಲ ಎಂದೆ. ಮೊದಲ ಸಲ ಅವರು ನನ್ನನ್ನು ತಬ್ಬಿಕೊಂಡರು.

ಫೆಬ್ರವರಿಯ ಪತ್ರದಲ್ಲಿ ನೀವು ಬಹಳ ಬರೆದಿದ್ದೀರಿ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಇರಲಿಲ್ಲ.

ಮಧುಶ್ರೀ

*

ಸೊಲ್ಲೆಂಟುನಾ
೨೦ ಏಪ್ರಿಲ್ ೨೦೨೫

ಮಧು,

ಹಾಕುತ್ತಿದ್ದೆ.

ನೀನು ಲುಂಡ್‌ನಿಂದ ಬಂದ ಯಾರೋ ಕರೀನ್ ಎಂಬ ಸ್ವೀಡಿಷ್ ಹುಡುಗಿ ಆಗಿದ್ದಿದ್ದರೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದೆ. ನಾನು ಹಾಕುವುದು ಮಾತ್ರವಲ್ಲ, ಉಳಿದವರ ಬೆನ್ನು ಬಿದ್ದು ಹಾಕಿಸುತ್ತಿದ್ದೆ. ನಾನು ನೋಡಿದ ನೂರಾರು ಹೊಸ ಕಂಪನಿಗಳಲ್ಲಿ ಇಷ್ಟು ನೇರವಾಗಿ ಉಪಯೋಗಕ್ಕೆ ಬರುವ ಬೇರೊಂದು ವಸ್ತು ನೆನಪಾಗುತ್ತಿಲ್ಲ.

ಅಂದು ನಾನು ಎದ್ದು ಹೋದದ್ದು ನ್ಯಾಯಕ್ಕಲ್ಲ. ನ್ಯಾಯ ಎಂದು ನಿನಗೂ ಹೇಳಿದೆ, ರಮಾಗೂ ಹೇಳಿದೆ, ನನಗೂ ಹೇಳಿಕೊಂಡೆ. ಪೇರ್-ಊಲೋಫ್ ಇನ್ನೊಂದು ಸಲ ಕಸಿನ್ ಎಂದು ನಕ್ಕರೆ ಎಂದು ಹೆದರಿ ಎದ್ದು ಹೋದೆ. ಮೂವತ್ತು ವರ್ಷ ಈ ದೇಶದಲ್ಲಿ ತೆರಿಗೆ ಕಟ್ಟಿದ್ದೇನೆ, ಮನೆ ಮಾಡಿದ್ದೇನೆ, ಒಂದು ಫೀಕಾ ತಮಾಷೆಯನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ನನ್ನ ಹೆಸರು ಚೊಕ್ಕವಾಗಿ ಉಳಿಯಿತು. ಅದಕ್ಕೆ ನಿಮ್ಮ ಮೂವರ ಬದುಕು ಹೋಯಿತು.

ಉತ್ತರ ಗೊತ್ತಿಲ್ಲದೆ ತಡಮಾಡಲಿಲ್ಲ. ನೀನು ಕೇಳಿದ ದಿನವೇ ಗೊತ್ತಿತ್ತು. ಇಲ್ಲ ಎಂದು ಬರೆದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು, ಕಂಪನಿಯಲ್ಲೇ ನನಗೆ ಅನುಮಾನವಿತ್ತು ಎಂದಾಗುತ್ತಿತ್ತು. ಹಾಗೆ ಬರೆದೂ ಇದ್ದೆ. ಲಕೋಟೆಗೆ ಹಾಕಿ ಅಂಟಿಸಿದ್ದೆ. ರಮಾ ಅದನ್ನೇ ನೋಡುತ್ತ ಕೂತಿದ್ದಳು. ಕಳಿಸಲಾಗಲಿಲ್ಲ.

ರಾಜಶೇಖರ

*

ಸುಂಡ್‌ಬೀಬರ್ಯ್
೧೮ ಮೇ ೨೦೨೫

ಅಂಕಲ್,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿದ್ದೆ ಎಂದು ಬರೆಯಬಹುದು, ಆದರೆ ಅದೇ ಕಾರಣವಲ್ಲ.

ನಾನು 'ಇಲ್ಲ' ಎಂಬ ಉತ್ತರಕ್ಕೆ ಸಿದ್ಧಳಾಗಿ ಕೂತಿದ್ದೆ. ಇಲ್ಲ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಿಲ್ಲೆ ಅಷ್ಟೇನೂ ಚೆನ್ನಾಗಿರಲಿಲ್ಲ, ದೊಡ್ಡವರು ಮೊದಲೇ ಕಂಡುಕೊಂಡಿದ್ದರು, ಬಾಯಿಬಿಟ್ಟು ಹೇಳಲು ಸಂಕೋಚಪಟ್ಟರು ಎಂದುಕೊಂಡು ಪೆಟ್ಟಿಗೆ ಕಟ್ಟುತ್ತಿದ್ದೆ. ಒಂದು ವರ್ಷ ಬಿಟ್ಟು ಮರೆತೂ ಬಿಡುತ್ತಿದ್ದೆನೇನೋ. ನೀವು ಹೌದು ಎಂದಿರಿ. ಪತ್ರ ಓದಿ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಅನ್ಯಾ ಬಾಗಿಲು ಬಡಿದು ಸ್ವೀಡಿಷ್‌ನಲ್ಲಿ, "ಅಮ್ಮಾ, ನೀರು ವೇಸ್ಟ್ ಮಾಡ್ತಿದೀಯ" ಎಂದಳು.

ಅವಳಿಗೆ ಬೇಸಿಗೆ ರಜೆಗೆ ಊರಿಗೆ ಹೋಗುತ್ತಿದ್ದೇವೆ ಎಂದು ಹೇಳಿದ್ದೇವೆ. ಆಗಸ್ಟಿನಲ್ಲಿ ಶಾಲೆ ಶುರುವಾದಾಗ ಏನು ಹೇಳುವುದೋ ಗೊತ್ತಿಲ್ಲ. ಅವಿನಾಶನಿಗೆ ದಾಗಿಸ್‌ನ ಮಕ್ಕಳು ಚಿತ್ರ ಬರೆದುಕೊಟ್ಟಿದ್ದಾರೆ, ಒಂದು ಚೀಲದ ತುಂಬ. ಅವನು ಬಟ್ಟೆ ತೆಗೆದು ಅವುಗಳಿಗೆ ಜಾಗ ಮಾಡುತ್ತಿದ್ದಾನೆ.

ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ಹೋಗುತ್ತದೆ ಎಂದು ಮಾತು ಕೊಡಲಾರೆ. ಆದರೆ ಅಂಟಿಸಿದ ಲಕೋಟೆಯನ್ನು ನೀವು ಕಳಿಸಲಿಲ್ಲ ಎಂಬುದನ್ನೂ ನಾನು ಮರೆಯುವುದಿಲ್ಲ. ಎರಡೂ ಇರುತ್ತವೆ.

ಗುರುವಾರ ಹೊರಡುತ್ತೇವೆ. ವಿಮಾನ ನಿಲ್ದಾಣಕ್ಕೆ ಬರಬೇಡಿ. ಬೆಂಗಳೂರಿನ ವಿಳಾಸವನ್ನು ರಮಾ ಆಂಟಿಗೆ ಕೊಟ್ಟಿದ್ದೇನೆ. ಅದನ್ನು ನಿಮಗೆ ಕೊಡಬೇಡಿ ಎಂದು ಅವರಿಗೆ ಹೇಳಿಲ್ಲ.

ಮಧು